‘ಉಳಿಸಲಾಗಿದೆ’ ಎಂದು ತೋರಿಸುವ ಮುನ್ನ: ಯುವ ಪ್ರೋಗ್ರಾಮರ್‌ಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಯುವ ಮಿತ್ರರೇ,



ನಿಮ್ಮಲ್ಲಿ ಕೆಲವರು ಈ ವರ್ಷವಷ್ಟೇ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದವರು. ಕೆಲವರು ಡಿಪ್ಲೊಮಾ ಮಾಡಿಕೊಂಡು ತಾಲ್ಲೂಕು ಕೇಂದ್ರದಲ್ಲೇ ಒಂದು ಕೋಣೆ ಹಿಡಿದು ಸಹಕಾರ ಸಂಘಗಳಿಗೆ, ಔಷಧಿ ಅಂಗಡಿಗಳಿಗೆ, ಶಾಲೆಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವರು. ನೀವೆಲ್ಲೇ ಇರಿ, ನಿಮ್ಮ ಪ್ರೋಗ್ರಾಮಿನೊಳಗೆ ಬೇರೆಯವರ ಬದುಕಿನ ಲೆಕ್ಕ ಕೂತಿರುತ್ತದೆ: ಯಾರದೋ ಸಾಲದ ಕಂತು, ಯಾರದೋ ಹಾಜರಿ, ಯಾರದೋ ರಕ್ತಪರೀಕ್ಷೆಯ ವರದಿ. ಆ ಲೆಕ್ಕ ಮೆಮೊರಿಯಿಂದ ಡಿಸ್ಕಿಗೆ ಯಾವಾಗ ಇಳಿಯುತ್ತದೆ, ಅದನ್ನು ತೀರ್ಮಾನಿಸುವವರು ಯಾರು ಎಂಬ ಒಂದೇ ವಿಷಯಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಸಣ್ಣ ವಿಷಯವೆಂದು ನಿಮಗೆ ಕಾಣಬಹುದು. ನನಗೂ ಒಂದು ಕಾಲಕ್ಕೆ ಹಾಗೇ ಕಂಡಿತ್ತು. ಆಮೇಲೆ ಏನಾಯಿತೆಂದು ಮೊದಲು ಹೇಳಿಬಿಡುತ್ತೇನೆ.

ಸುಮಾರು ಹದಿನೈದು ವರ್ಷಗಳ ಹಿಂದೆ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ನಾನೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಚೀಟಿ ಮುದ್ರಿಸುವ ಪುಟ್ಟ ಪ್ರಿಂಟರ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಜನ ಕ್ಯಾನು ಹಿಡಿದು ಸಾಲಾಗಿ ಬರುತ್ತಿದ್ದರು. ಅಳತೆ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಂಕಿಗಳು ಕಂಪ್ಯೂಟರಿಗೆ ಹೋಗುತ್ತಿದ್ದವು. ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಹಸಿರು ಅಕ್ಷರ ಮೂಡಿ ಚೀಟಿ ಹೊರಬರುತ್ತಿತ್ತು. ಸದಸ್ಯರ ಬಾಬ್ತು ಒಂದು ಕಡತದಲ್ಲಿ, ಸಂಘದ ಒಟ್ಟು ಲೀಟರಿನ ಲೆಕ್ಕ ಇನ್ನೊಂದು ಕಡತದಲ್ಲಿ. ಎರಡನ್ನೂ ನಾನು ಎಮ್‌ಮ್ಯಾಪ್ ಮಾಡಿಕೊಂಡಿದ್ದೆ. ಕಡತವೇ ಮೆಮೊರಿಯಲ್ಲಿ ಅರೇಯ ಹಾಗೆ ಹರಡಿಕೊಂಡಿರುವಾಗ ಬರೆಯುವುದೆಂದರೆ ಒಂದು ಅಂಕಿಯ ಜಾಗದಲ್ಲಿ ಇನ್ನೊಂದನ್ನು ಇಡುವುದು, ಅಷ್ಟೇ. ಆ ಸಲೀಸುತನ ನನಗೆ ಬಹಳ ಹಿಡಿಸಿತ್ತು.

ಒಂದು ಸಂಜೆ ಹಾಲು ಅಳೆಯುತ್ತಿರುವಾಗಲೇ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಕೆಲಸ ನಿಲ್ಲಿಸಿ ಎಷ್ಟೋ ತಿಂಗಳಾಗಿತ್ತು. ಕರೆಂಟು ಬಂದ ಮೇಲೆ ಎಲ್ಲವೂ ಸರಿಯಾಗಿಯೇ ಶುರುವಾಯಿತು, ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ಬಟವಾಡೆಯ ದಿನ. ಆ ಸಂಜೆಯ ಒಟ್ಟು ಲೆಕ್ಕಕ್ಕೂ ಹೆಸರುವಾರು ಲೆಕ್ಕಕ್ಕೂ 6.4 ಲೀಟರ್ ವ್ಯತ್ಯಾಸ. ಇಬ್ಬರು ಹೆಂಗಸರ ಹಾಲು ಸಂಘದ ಒಟ್ಟು ಮೊತ್ತದಲ್ಲಿತ್ತು, ಅವರ ಹೆಸರಿನಲ್ಲಿ ಇರಲಿಲ್ಲ. ಒಬ್ಬರ ಹತ್ತಿರ ಚೀಟಿ ಇತ್ತು. ಇನ್ನೊಬ್ಬರು ಚೀಟಿಯನ್ನು ಎಲ್ಲೋ ಹಾಕಿಬಿಟ್ಟಿದ್ದರು.

ಹಣ ದೊಡ್ಡದಲ್ಲ. ಆದರೆ ಹಾಲಿನ ಸಂಘದ ಲೆಕ್ಕದಲ್ಲಿ ಯಾರ ಹೆಸರಿಗೂ ಇಲ್ಲದ ಹಾಲು ಉಳಿಯಿತೆಂದರೆ ಹಳ್ಳಿಯಲ್ಲಿ ಅದಕ್ಕೆ ಇರುವ ಅರ್ಥ ಒಂದೇ: ಕಾರ್ಯದರ್ಶಿ ನುಂಗಿದ. ಇಪ್ಪತ್ತು ವರ್ಷ ಒಂದು ಪೈಸೆ ಆಚೀಚೆ ಮಾಡದೆ ದುಡಿದಿದ್ದ ಆ ಮನುಷ್ಯ ಆಡಳಿತ ಮಂಡಳಿಯ ಮುಂದೆ ನಿಂತು, “ನಾನು ಒತ್ತಿದ್ದೇನೆ, ಉಳಿಸಲಾಗಿದೆ ಅಂತ ಬಂದಿದೆ, ಚೀಟಿಯೂ ಬಂದಿದೆ” ಎಂದು ಹೇಳಬೇಕಾಯಿತು. ಅವರು ಹೇಳಿದ್ದು ನಿಜ. ಸುಳ್ಳು ಹೇಳಿದ್ದು ನನ್ನ ಪ್ರೋಗ್ರಾಂ. ಮೆಮೊರಿಯಲ್ಲಿ ಅಂಕಿ ಬದಲಾದ ಮರುಕ್ಷಣವೇ ‘ಉಳಿಸಲಾಗಿದೆ’ ಎಂದು ತೋರಿಸುವ ಹಾಗೆ ನಾನೇ ಬರೆದಿದ್ದೆ. ಆ ಅಂಕಿ ಡಿಸ್ಕಿಗೆ ಇಳಿದಿದೆಯೋ ಇಲ್ಲವೋ ಎಂದು ನನ್ನ ಕೋಡು ಒಮ್ಮೆಯೂ ಕೇಳಿರಲಿಲ್ಲ.

ಕರೆಂಟು ಹೋಗುವ ಮುಂಚಿನ ಅರ್ಧ ನಿಮಿಷದಲ್ಲಿ ಒಳಗೆ ಏನಾಗಿತ್ತೆಂದು ನಿಮಗೆ ಬಿಡಿಸಿ ಹೇಳಬೇಕು. ನಿಮ್ಮ ಕಡತವನ್ನು ಕರ್ನಲ್ ಪುಟಗಳಾಗಿ ನೋಡುತ್ತದೆ, ನಮ್ಮ ಸಾಮಾನ್ಯ ಕಂಪ್ಯೂಟರುಗಳಲ್ಲಿ ಒಂದು ಪುಟವೆಂದರೆ 4,096 ಬೈಟು. ನೀವು ಮುಟ್ಟಿದ ಪುಟ ಡಿಸ್ಕಿನಿಂದ ಬಂದು ಪೇಜ್ ಕ್ಯಾಶ್ ಎಂಬ ಕರ್ನಲ್‌ನದೇ ಜಾಗದಲ್ಲಿ ಕೂರುತ್ತದೆ, ಹಂಚಿಕೆಯ ಎಮ್‌ಮ್ಯಾಪ್‌ನಲ್ಲಿ ಅದೇ ಪುಟ ನಿಮ್ಮ ಪ್ರೋಗ್ರಾಮಿಗೂ ಕಾಣಿಸುತ್ತದೆ. ನೀವು ಅಲ್ಲೊಂದು ಅಂಕಿ ತಿದ್ದಿದ ಕೂಡಲೇ ಪುಟಕ್ಕೆ ‘ಡರ್ಟಿ’ ಎಂಬ ಗುರುತು ಬೀಳುತ್ತದೆ. ಡಿಸ್ಕಿನ ಪ್ರತಿ ಹಳೆಯದು, ಮೆಮೊರಿಯ ಪ್ರತಿ ಹೊಸದು ಎಂಬುದಕ್ಕೆ ಅದು ಗುರುತು. ಡಿಸ್ಕಿಗೆ ಆಗ ಏನೂ ಹೋಗುವುದಿಲ್ಲ. ಲಿನಕ್ಸಿನಲ್ಲಿ ಯಾರೂ ಬದಲಿಸದೆ ಬಿಟ್ಟ ಲೆಕ್ಕದಂತೆ, ಈ ಕೆಲಸಕ್ಕೆಂದೇ ಇರುವ ಕರ್ನಲ್ ಥ್ರೆಡ್ಡುಗಳು 5 ಸೆಕೆಂಡಿಗೊಮ್ಮೆ ಏಳುತ್ತವೆ, ಡರ್ಟಿಯಾಗಿ 30 ಸೆಕೆಂಡು ದಾಟಿದ್ದನ್ನು ಮಾತ್ರ ಡಿಸ್ಕಿಗೆ ಕಳಿಸುತ್ತವೆ. ಇಂಥ ಪುಟಗಳು ಲಭ್ಯ ಮೆಮೊರಿಯ ಶೇ 10 ದಾಟಿದರೆ ವಯಸ್ಸು ನೋಡದೆ ಹಿನ್ನೆಲೆಯಲ್ಲಿ ಬರೆಯಲು ಶುರು ಮಾಡುತ್ತವೆ, ಶೇ 20 ಮುಟ್ಟಿದರೆ ಬರೆಯುತ್ತಿರುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತವೆ. ಆ 30 ಸೆಕೆಂಡಿನ ವಯಸ್ಸನ್ನು ಕರ್ನಲ್ ಕಡತಕಡತಕ್ಕೆ ಬೇರೆಬೇರೆಯಾಗಿ ಎಣಿಸುತ್ತದೆ. ಆ ಸಂಜೆ ಒಟ್ಟು ಲೆಕ್ಕದ ಕಡತದ ಗಡುವು ಮೊದಲು ಬಂದಿತ್ತು, ಹೆಸರುಗಳ ಕಡತದ್ದು ಬಂದಿರಲಿಲ್ಲ. ಹಾಲಿನ ಸಾಲಿನಲ್ಲಿ 30 ಸೆಕೆಂಡು ಎಂದರೆ ಇಬ್ಬರು. ಕಳೆದುಹೋದದ್ದು ಅವರಿಬ್ಬರೇ.

ನಾನು ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದೆ. ಪ್ರೋಗ್ರಾಂ ನಡೆಯುತ್ತಿರುವಾಗಲೇ ಅದನ್ನು ಬಲವಂತವಾಗಿ ಕೊಂದು, ಮತ್ತೆ ತೆರೆದು, ಲೆಕ್ಕ ಸರಿಯಿದೆಯೆಂದು ನೋಡಿ ನೆಮ್ಮದಿಯಿಂದ ಇದ್ದೆ. ಇಲ್ಲಿ ನಿಮ್ಮನ್ನು ವಿಶೇಷವಾಗಿ ಎಚ್ಚರಿಸಬೇಕು, ಯಾಕೆಂದರೆ ಇದೇ ಪರೀಕ್ಷೆಯನ್ನು ನಿಮ್ಮಲ್ಲಿ ಬಹಳ ಮಂದಿ ಮಾಡುತ್ತಿದ್ದೀರಿ. ಡರ್ಟಿ ಪುಟಗಳು ನಿಮ್ಮ ಪ್ರೋಗ್ರಾಮಿನ ಸೊತ್ತಲ್ಲ, ಕರ್ನಲ್‌ನ ಸೊತ್ತು. ಪ್ರೋಗ್ರಾಂ ಸತ್ತರೂ ಅವು ಉಳಿಯುತ್ತವೆ, ಗಡುವು ಬಂದಾಗ ಡಿಸ್ಕಿಗೆ ಹೋಗುತ್ತವೆ, ಅಲ್ಲಿಯತನಕ ಕಡತ ತೆರೆದವರಿಗೆಲ್ಲ ಹೊಸ ಅಂಕಿಯನ್ನೇ ತೋರಿಸುತ್ತವೆ. ಹೀಗಾಗಿ ಪ್ರೋಗ್ರಾಮನ್ನು ಎಷ್ಟು ಸಲ ಕೊಂದರೂ ಪರೀಕ್ಷೆ ಪಾಸಾಗುತ್ತದೆ. ಸೋಲುವುದು ಕರ್ನಲ್ಲೇ ಸತ್ತಾಗ, ಅಂದರೆ ಕರೆಂಟು ಹೋದಾಗ. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ಕರೆಂಟು ಹೋಗುವುದು ಅಪರೂಪದ ಘಟನೆಯೇನಲ್ಲ, ಲೆಕ್ಕ ಹಾಕಿಕೊಂಡೇ ಬದುಕಬೇಕಾದ ದಿನನಿತ್ಯದ ಸಂಗತಿ.

ನಾವು ಕನ್ನಡದಲ್ಲಿ ಫೈಲಿಗೆ ‘ಕಡತ’ ಎಂಬ ಪದ ಇಟ್ಟುಕೊಂಡಿದ್ದೇವೆ. ಆ ಪದ ಹಿಂದೆ ಏನನ್ನು ಹೆಸರಿಸುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ಶಾನುಭೋಗರು, ಅಂಗಡಿಯವರು, ಮಠದವರು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿತ್ತು, ಅದೇ ಅದರ ಅನುಕೂಲ. ಜೋಪಾನ ಮಾಡಿದರೆ ತಲೆಮಾರುಗಟ್ಟಲೆ ಬಾಳುತ್ತಿತ್ತು ಕೂಡ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿವೆ. ಆದರೆ ಬಳಪದ ಗೆರೆ ಕೈ ತಾಗಿದರೆ ಅಳಿಸುತ್ತದೆ ಎಂಬುದು ಬರೆಯುವವನಿಗೆ ಗೊತ್ತಿತ್ತು. ಊರಿಗೆ ದತ್ತಿ ಕೊಟ್ಟ ಸಂಗತಿ ಶಾಶ್ವತವಾಗಿರಬೇಕೆಂದರೆ ಕಲ್ಲಿಗೆ ಹೋಗುತ್ತಿದ್ದರು, ತಾಮ್ರಪಟಕ್ಕೆ ಹೋಗುತ್ತಿದ್ದರು. ಯಾವುದು ಬಳಪ, ಯಾವುದು ಉಳಿ ಎಂಬ ಅರಿವು ಅವರಿಗೆ ಕೈಯಲ್ಲೇ ಇತ್ತು. ಎಮ್‌ಮ್ಯಾಪ್ ಮಾಡಿದ ಕಡತದಲ್ಲಿ ನಮಗೆ ತಪ್ಪಿಹೋಗುವುದು ಈ ಅರಿವೇ. ಬಳಪದಲ್ಲಿ ಬರೆದದ್ದೂ ಕಲ್ಲಿನಲ್ಲಿ ಕೆತ್ತಿದ್ದೂ ಪ್ರೋಗ್ರಾಮಿಗೆ ಒಂದೇ ಥರ ಕಾಣುತ್ತದೆ.

ಕೆತ್ತು ಎಂದು ಹೇಳುವ ದಾರಿ ಇದೆ. ಅದರ ಹೆಸರು ಎಮ್‌ಸಿಂಕ್. ಅದಕ್ಕೆ ‘ಎಂಎಸ್ ಸಿಂಕ್’ ಎಂಬ ಸೂಚನೆ ಕೊಟ್ಟರೆ ಆ ಪುಟಗಳು ಡಿಸ್ಕಿಗೆ ಹೋಗುವವರೆಗೆ ನಿಮ್ಮ ಪ್ರೋಗ್ರಾಂ ಕಾಯುತ್ತದೆ. ‘ಎಂಎಸ್ ಅಸಿಂಕ್’ ಎಂಬ ಇನ್ನೊಂದು ಸೂಚನೆಯೂ ಇದೆ. ಹೆಸರು ಕೇಳಿದರೆ ಈಗಲೇ ಬರೆಯಲು ಶುರು ಮಾಡು ಎಂದು ಹೇಳಿದಂತಿದೆ. ಆದರೆ ಲಿನಕ್ಸ್ 2.6.19ರಿಂದ ಈಚೆಗೆ ಅದು ಯಾವ ಬರವಣಿಗೆಯನ್ನೂ ಶುರು ಮಾಡುವುದಿಲ್ಲ. ಪುಟ ಡರ್ಟಿ ಎಂಬುದು ಕರ್ನಲ್‌ಗೆ ಹೇಗೂ ಗೊತ್ತಿರುವುದರಿಂದ ಸುಮ್ಮನೆ ಹಿಂದಿರುಗುತ್ತದೆ. ಅದನ್ನು ನಂಬಿ ಕೂತ ಕೋಡನ್ನು ನಾನು ಹಲವು ಕಡೆ ನೋಡಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ತಡವಾಗುವ ಮಾತು. ಇನ್ನೊಂದು ತೊಂದರೆ ಇದಕ್ಕಿಂತ ಆಳವಾದದ್ದು. ನೀವು ಬೇಡವೆಂದಾಗಲೂ ಕರ್ನಲ್ ಬರೆಯಬಹುದು. ಒಂದು ವರ್ಗಾವಣೆಯಲ್ಲಿ ರಾಮನ ಖಾತೆಯಿಂದ ಹಣ ಕಳೆದಿದ್ದೀರಿ, ಭೀಮನ ಖಾತೆಗೆ ಇನ್ನೂ ಕೂಡಿಸಿಲ್ಲ. ಅಷ್ಟರಲ್ಲಿ ಮೆಮೊರಿ ಸಾಲದೆ ಬಂತು, ಅಥವಾ ಯಾವುದೋ ಬೇರೆ ಪ್ರೋಗ್ರಾಂ ಇಡೀ ಯಂತ್ರಕ್ಕೆ ಸಿಂಕ್ ಮಾಡಿತು. ರಾಮನ ಪುಟ ಡಿಸ್ಕಿಗೆ ಹೋಯಿತು. ಆ ಕ್ಷಣ ಕರೆಂಟು ಹೋದರೆ ಡಿಸ್ಕಿನಲ್ಲಿ ಉಳಿಯುವುದು ಅರ್ಧ ವರ್ಗಾವಣೆ. ಪುಟಗಳು ಯಾವ ಕ್ರಮದಲ್ಲಿ ಹೋಗಬೇಕೆಂಬುದೂ ನಿಮ್ಮ ಕೈಯಲ್ಲಿಲ್ಲ. ಈಗಲೇ ಬರೆ ಎನ್ನಲು ಎಮ್‌ಸಿಂಕ್ ಇದೆ. ನಾನು ಹೇಳುವ ತನಕ ಬರೆಯಬೇಡ ಎನ್ನಲು ಲಿನಕ್ಸಿನಲ್ಲಿ ಯಾವ ಕರೆಯೂ ಇಲ್ಲ. ಪುಟಗಳನ್ನು ಮೆಮೊರಿಯಲ್ಲಿ ಬಂಧಿಸುವ ಎಮ್‌ಲಾಕ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಪುಟ ಮೆಮೊರಿ ಬಿಟ್ಟು ಹೋಗದಂತೆ ತಡೆಯುತ್ತದೆಯೇ ಹೊರತು ಅದರ ಪ್ರತಿ ಡಿಸ್ಕಿಗೆ ಹೋಗದಂತೆ ತಡೆಯುವುದಿಲ್ಲ. ಫ್ರೀಬಿಎಸ್‌ಡಿಯಲ್ಲಿ ‘ಮ್ಯಾಪ್ ನೋಸಿಂಕ್’ ಎಂಬ ಗುರುತು ಇದೆ. ಅದು ಸುಮ್ಮಸುಮ್ಮನೆ ಆಗುವ ಬರವಣಿಗೆಯನ್ನು ಕಡಿಮೆ ಮಾಡುತ್ತದೆ, ಮೆಮೊರಿಯ ಒತ್ತಡ ಬಂದರೆ ಅದೂ ಬಿಟ್ಟುಕೊಡುತ್ತದೆ. 2013ರಲ್ಲಿ ಸ್ಟಾನ್ ಪಾರ್ಕ್, ಟೆರೆನ್ಸ್ ಕೆಲ್ಲಿ, ಕಾಯ್ ಶೆನ್ ಎಂಬ ಮೂವರು ಸಂಶೋಧಕರು ಎಮ್‌ಸಿಂಕ್ ಎಂದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ನಿಯಮಕ್ಕೆ ಲಿನಕ್ಸ್ ಕರ್ನಲ್ಲನ್ನು ತಿದ್ದಿ ತೋರಿಸಿದರು. ಒಳ್ಳೆಯ ಕೆಲಸ. ಆದರೆ ನೀವು ಇಂದು ಹಾಕಿಕೊಳ್ಳುವ ಲಿನಕ್ಸಿನಲ್ಲಿ ಆ ತಿದ್ದುಪಡಿ ಇಲ್ಲ.

ಇದು ನನ್ನೊಬ್ಬನ ಹಳ್ಳಿಯ ಕಥೆಯಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಮೊಂಗೋಡಿಬಿ ಎಂಬ ಡೇಟಾಬೇಸ್ ತನ್ನ ಮೊದಲ ವರ್ಷಗಳಲ್ಲಿ ದತ್ತಾಂಶದ ಕಡತಗಳನ್ನು ಎಮ್‌ಮ್ಯಾಪ್ ಮಾಡಿಕೊಂಡೇ ನಡೆಯುತ್ತಿತ್ತು, 60 ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸುತ್ತಿತ್ತು. ನಡುವೆ ಯಂತ್ರ ಬಿದ್ದರೆ ಏನು ಗತಿ ಎಂಬ ಪ್ರಶ್ನೆಗೆ 2011ರಲ್ಲಿ, ಬದಲಾವಣೆಯನ್ನು ಮೊದಲು ಬರೆದಿಡುವ ಜರ್ನಲ್ ಸೇರಿಸಿದರು. ಹೇಗೆ ಸೇರಿಸಿದರು ಎಂಬುದನ್ನು ನೋಡಿ. ಒಂದೇ ಕಡತವನ್ನು ಎರಡು ಸಲ, ಒಮ್ಮೆ ಖಾಸಗಿಯಾಗಿ ಇನ್ನೊಮ್ಮೆ ಹಂಚಿಕೆಯಾಗಿ, ಎಮ್‌ಮ್ಯಾಪ್ ಮಾಡಿ, ತಿದ್ದುಪಡಿಯನ್ನು ಮೊದಲು ಖಾಸಗಿ ನೋಟದಲ್ಲಿ ಮಾಡಿದರು. ಖಾಸಗಿ ನೋಟದಲ್ಲಿ ತಿದ್ದಿದ್ದನ್ನು ಕರ್ನಲ್ ಕಡತಕ್ಕೆ ಎಂದೂ ಒಯ್ಯುವುದಿಲ್ಲ. ಆ ತಿದ್ದುಪಡಿ ಜರ್ನಲ್ ಕಡತ ಸೇರಿ ಡಿಸ್ಕು ಮುಟ್ಟಿದ ಮೇಲಷ್ಟೇ ಹಂಚಿಕೆಯ ನೋಟಕ್ಕೆ ದಾಟಿಸುತ್ತಿದ್ದರು. ಬರೆಯಬೇಡ ಎಂದು ಕರ್ನಲ್‌ಗೆ ಹೇಳಲು ಬಾಯಿಲ್ಲದ್ದಕ್ಕೆ ಕಟ್ಟಿಕೊಂಡ ಅಡ್ಡಗೋಡೆ ಅದು. ಕೊನೆಗೆ 2015ರ ಕೊನೆಯಲ್ಲಿ ಬಂದ 3.2 ಆವೃತ್ತಿಯಲ್ಲಿ ಎಮ್‌ಮ್ಯಾಪ್ ನೆಚ್ಚಿದ ಆ ಸಂಗ್ರಹ ಎಂಜಿನ್ನನ್ನು ಹಿಂದೆ ಸರಿಸಿ ಬೇರೊಂದು ಎಂಜಿನ್ನಾದ ವೈರ್ಡ್‌ಟೈಗರ್ ಮುಂದೆ ಬಂತು, 2019ರ 4.2ರಲ್ಲಿ ಹಳೆಯದನ್ನು ತೆಗೆದೇಹಾಕಿದರು. 2022ರಲ್ಲಿ ಆಂಡ್ರೂ ಕ್ರಾಟಿ, ವಿಕ್ಟರ್ ಲೈಸ್, ಆಂಡಿ ಪಾವ್ಲೊ ಬರೆದ ಪ್ರಬಂಧವೊಂದು ಡೇಟಾಬೇಸ್ ಕಟ್ಟುವವರು ಎಮ್‌ಮ್ಯಾಪನ್ನು ಯಾಕೆ ನೆಚ್ಚಬಾರದು ಎಂದು ವಾದಿಸಿತು. ಅವರು ಎಣಿಸಿದ ಮೊದಲ ತೊಂದರೆಯೇ ಇದು: ವ್ಯವಹಾರ ಮುಗಿದಿದೆಯೋ ಇಲ್ಲವೋ ನೋಡದೆ ಕರ್ನಲ್ ಪುಟವನ್ನು ಯಾವಾಗ ಬೇಕಾದರೂ ಡಿಸ್ಕಿಗೆ ಇಳಿಸಬಹುದು.

ಎಮ್‌ಮ್ಯಾಪನ್ನು ಬಲ್ಲವರು ಹೇಗೆ ಬಳಸುತ್ತಾರೆ ಎಂಬುದನ್ನೂ ಕಲಿಯಿರಿ. ಓಪನ್ಎಲ್‌ಡಿಎಪಿಗಾಗಿ ಹೊವರ್ಡ್ ಚು ಬರೆದ ಎಲ್‌ಎಂಡಿಬಿ ಇಡೀ ಡೇಟಾಬೇಸನ್ನು ಎಮ್‌ಮ್ಯಾಪ್ ಮಾಡುತ್ತದೆ, ಆದರೆ ಸಾಮಾನ್ಯವಾಗಿ ಓದಲು ಮಾತ್ರ. ಬರೆಯುವಾಗ ಹಳೆಯ ಪುಟವನ್ನು ಮುಟ್ಟದೆ ಹೊಸ ಜಾಗದಲ್ಲಿ ಬರೆದು, ಅದು ಡಿಸ್ಕು ಸೇರಿತೆಂದು ಖಾತ್ರಿಯಾದ ಮೇಲೆ ‘ಈಗಿನ ಸ್ಥಿತಿ ಇಲ್ಲಿಂದ ಶುರು’ ಎಂದು ತೋರಿಸುವ ತಲೆಪುಟವನ್ನು ಬರೆಯುತ್ತದೆ. ತಲೆಪುಟಗಳು ಎರಡು, ಒಂದು ಬಿಟ್ಟು ಒಂದರ ಸರದಿ. ನಡುವೆ ಕರೆಂಟು ಹೋದರೆ ಹಿಂದಿನ ತಲೆಪುಟ ಹಾಗೇ ಇರುತ್ತದೆ. ನಿಮ್ಮ ಫೋನಿನಲ್ಲಿರುವ ಎಸ್‌ಕ್ಯೂಲೈಟ್ ಕೂಡ ಎಮ್‌ಮ್ಯಾಪ್ ಬಳಸಬಲ್ಲದು. ಆದರೆ ತಿದ್ದುವ ಪುಟವನ್ನು ಮೊದಲು ತನ್ನ ಸ್ವಂತ ಮೆಮೊರಿಗೆ ನಕಲು ಮಾಡಿಕೊಂಡು ತಿದ್ದುತ್ತದೆ. ಓದಲು ಎಮ್‌ಮ್ಯಾಪ್, ಬರೆಯಲು ತಾವೇ ಕ್ರಮ ಹಾಕಿಕೊಂಡ ದಾರಿ: ಎರಡೂ ಹಿಡಿದದ್ದು ಇದನ್ನೇ. ನನ್ನ ಅನುಭವದಲ್ಲೂ ಇದೇ ಸರಿ.

ಈಗ ನಿಮ್ಮಲ್ಲಿ ನನ್ನ ಕೋರಿಕೆಗಳು.

ಮೊದಲನೆಯದು, ನಿಮ್ಮ ಪ್ರೋಗ್ರಾಂ ಯಾವ ಗಳಿಗೆಯಲ್ಲಿ ಮಾತು ಕೊಡುತ್ತದೆ ಎಂದು ಗುರುತಿಸಿ. ಪರದೆಯ ಸಂದೇಶ, ಕೈಗೆ ಕೊಡುವ ಚೀಟಿ, ಮೊಬೈಲಿಗೆ ಹೋಗುವ ಎಸ್‌ಎಂಎಸ್, ಇವೆಲ್ಲ ಮಾತು ಕೊಟ್ಟ ಹಾಗೆ. ಎಮ್‌ಸಿಂಕ್ ಯಶಸ್ವಿಯಾಗಿ ಹಿಂದಿರುಗುವ ಮೊದಲು ಇವುಗಳಲ್ಲಿ ಯಾವುದೂ ಹೊರಗೆ ಹೋಗಕೂಡದು. ವಿಂಡೋಸಿನಲ್ಲಿ ‘ಫ್ಲಷ್ ವ್ಯೂ ಆಫ್ ಫೈಲ್’ ಒಂದೇ ಸಾಲದು, ಅದರ ಹಿಂದೆಯೇ ‘ಫ್ಲಷ್ ಫೈಲ್ ಬಫರ್ಸ್’ ಕೂಡ ಬೇಕು, ಇಲ್ಲವಾದರೆ ಅಂಕಿಗಳು ಡಿಸ್ಕಿನ ಸ್ವಂತ ಕ್ಯಾಶಿನಲ್ಲಿ ನಿಂತಿರಬಹುದು. ಮ್ಯಾಕ್‌ನಲ್ಲಿ ಡಿಸ್ಕಿನ ಕ್ಯಾಶ್ ಖಾಲಿಯಾಗಲು ‘ಎಫ್ ಫುಲ್‌ಎಫ್‌ಸಿಂಕ್’ ಬೇಕು. ಜಾವಾದಲ್ಲಿ ಬರೆಯುವವರಿಗೆ ‘ಫೋರ್ಸ್’, ಪೈಥಾನ್‌ನವರಿಗೆ ‘ಫ್ಲಷ್’ ಇದೆ. ಎಮ್‌ಮ್ಯಾಪ್ ಬಿಚ್ಚಿದರೆ, ಕಡತ ಮುಚ್ಚಿದರೆ ತಾನಾಗಿಯೇ ಡಿಸ್ಕಿಗೆ ಹೋಗಿಬಿಡುತ್ತದೆ ಎಂದು ನಂಬಬೇಡಿ. ಆಮೇಲೆ ಯಾವಾಗಲೋ ಹೋಗುತ್ತದೆ, ಅಷ್ಟೇ. ಕಡತವನ್ನು ಹೊಸದಾಗಿ ಸೃಷ್ಟಿಸಿದ್ದರೆ ಅದರ ಡೈರೆಕ್ಟರಿಗೂ, ಬಾಕಿ ಬರವಣಿಗೆಯನ್ನು ಡಿಸ್ಕಿಗೆ ಇಳಿಸುವ ಕರೆಯಾದ ಎಫ್‌ಸಿಂಕ್ ಮಾಡಿ.

ಎರಡನೆಯದು, ಎಮ್‌ಸಿಂಕ್, ಎಫ್‌ಸಿಂಕ್‌ನಂಥ ಕರೆ ಹಿಂದಿರುಗಿಸುವ ಉತ್ತರವನ್ನು ಓದಿ. ದಯವಿಟ್ಟು ಓದಿ. 2018ರಲ್ಲಿ ಪೋಸ್ಟ್‌ಗ್ರೆಸ್ ಬಳಗದಲ್ಲಿ ಒಂದು ಸಂಗತಿ ಬಯಲಾಗಿ ದೊಡ್ಡ ಚರ್ಚೆಯಾಯಿತು. ಡಿಸ್ಕಿನ ದೋಷದಿಂದ ಬರವಣಿಗೆ ವಿಫಲವಾದರೆ ಲಿನಕ್ಸಿನಲ್ಲಿ ಎಫ್‌ಸಿಂಕ್ ಒಮ್ಮೆ ದೋಷ ಹೇಳುತ್ತದೆ. ಆದರೆ ಆ ಪುಟಗಳ ಡರ್ಟಿ ಗುರುತು ಆಗಲೇ ಅಳಿದಿರಬಹುದು. ಇನ್ನೊಮ್ಮೆ ಪ್ರಯತ್ನಿಸೋಣ ಎಂದು ಮತ್ತೆ ಎಫ್‌ಸಿಂಕ್ ಮಾಡಿದರೆ ಬರೆಯಲು ಏನೂ ಉಳಿದಿಲ್ಲವಾದ್ದರಿಂದ ಯಶಸ್ಸು ಎಂಬ ಉತ್ತರ ಬರುತ್ತದೆ, ದತ್ತಾಂಶ ಮಾತ್ರ ಡಿಸ್ಕಿನಲ್ಲಿರುವುದಿಲ್ಲ. ವರ್ಷಗಟ್ಟಲೆ ಪೋಸ್ಟ್‌ಗ್ರೆಸ್ ಹಾಗೆ ಮರುಪ್ರಯತ್ನ ಮಾಡುತ್ತಿತ್ತು. 2019ರ ಫೆಬ್ರುವರಿಯ ಪರಿಷ್ಕರಣೆಯಿಂದ ಮುಂದೆ ಅಂಥ ದೋಷ ಬಂದರೆ ಅದು ತನ್ನನ್ನು ತಾನೇ ನಿಲ್ಲಿಸಿಕೊಂಡು, ಲಾಗಿನಿಂದ ಲೆಕ್ಕವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಲಿನಕ್ಸಿನ ಎಮ್‌ಸಿಂಕ್ ಒಳಗೆ ನಡೆಯುವುದೂ ಅದೇ ದಾರಿಯಲ್ಲಿ. ಹಾಗಾಗಿ ದೋಷ ಬಂದರೆ ಮರುಪ್ರಯತ್ನ ಬೇಡ. ನಿಲ್ಲಿಸಿ, ಬಳಸುವವರಿಗೆ ಸ್ಪಷ್ಟವಾಗಿ ಹೇಳಿ, ಮೆಮೊರಿಯಲ್ಲಿ ಕಾಣುವುದನ್ನು ನಂಬದೆ ಡಿಸ್ಕಿನಿಂದ ಮತ್ತೆ ಶುರು ಮಾಡಿ.

ಮೂರನೆಯದು, ಎರಡು ಕಡೆ ಬದಲಾಗಬೇಕಾದ ಲೆಕ್ಕಕ್ಕೆ ಎಮ್‌ಸಿಂಕ್ ಒಂದೇ ಮದ್ದಲ್ಲ. ಎರಡು ಎಮ್‌ಸಿಂಕ್‌ಗಳ ನಡುವೆಯೂ ಕರೆಂಟು ಹೋಗಬಹುದು. ನಮ್ಮ ಅಂಗಡಿಗಳಲ್ಲಿ ಹಿಂದಿನಿಂದ ಬಂದ ಶಿಸ್ತು ಇದೆ: ವ್ಯಾಪಾರ ಮೊದಲು ದಿನವಹಿಗೆ, ಆಮೇಲೆ ಖಾತೆಗೆ. ದಿನವಹಿ ಸರಿಯಾಗಿದ್ದರೆ ಖಾತೆ ಸುಟ್ಟುಹೋದರೂ ಮತ್ತೆ ಬರೆಯಬಹುದು. ಡೇಟಾಬೇಸಿನ ಜರ್ನಲ್ ಎಂದರೆ ಇದೇ. ಹಾಲಿನ ಸಂಘದ ಪ್ರೋಗ್ರಾಮನ್ನು ನಾನು ತಿದ್ದಿದ್ದೂ ಹೀಗೆ. ಸಾಲಿನ ಕೊನೆಗೆ ಸಾಲು ಸೇರುತ್ತ ಹೋಗುವ ಒಂದೇ ಕಡತ, ಪ್ರತಿ ಸಾಲಿಗೂ ಅದು ಪೂರ್ತಿ ಇದೆಯೇ ಎಂದು ತಾಳೆ ನೋಡುವ ಚೆಕ್‌ಸಮ್, ಪ್ರತಿ ಸಾಲಿನ ಬಳಿಕ ಎಫ್‌ಸಿಂಕ್, ಅದಾದ ಮೇಲೆ ಚೀಟಿ. ಒಟ್ಟು ಲೀಟರನ್ನು ಬೇರೆ ಕಡತದಲ್ಲಿ ಇಡುವುದನ್ನೇ ಬಿಟ್ಟೆ, ಬೇಕಾದಾಗ ಕೂಡಿಕೊಳ್ಳುತ್ತದೆ. ನಿಮ್ಮಲ್ಲಿ ಹೆಚ್ಚಿನವರಿಗೆ ಇಷ್ಟನ್ನೂ ಕೈಯಾರೆ ಮಾಡುವ ಅಗತ್ಯವಿಲ್ಲ. ಎಸ್‌ಕ್ಯೂಲೈಟ್‌ನಂಥ ಪರೀಕ್ಷಿತ ಡೇಟಾಬೇಸ್ ಇರುವಾಗ ಅದನ್ನೇ ಬಳಸಿ.

ಇದೆಲ್ಲ ಮಾಡಿದರೆ ನಿಧಾನವಾಗುತ್ತದೆ ಎಂಬ ಆಕ್ಷೇಪ ನನಗೆ ಗೊತ್ತು. ನಿಮಿಷಕ್ಕೆ 7,200 ಸುತ್ತು ಹಾಕುವ ಹಾರ್ಡ್ ಡಿಸ್ಕು ಒಂದು ಸುತ್ತಿಗೆ ತೆಗೆದುಕೊಳ್ಳುವ ಸಮಯ ಸುಮಾರು 8.3 ಮಿಲಿಸೆಕೆಂಡು. ಪ್ರತಿ ಸಿಂಕ್‌ಗೆ ಒಂದೆರಡು ಸುತ್ತು ಕಾದರೂ ಒಂದು ಕ್ಯಾನು ಸುರಿದು ಮುಗಿಯುವಷ್ಟರಲ್ಲಿ ನೂರಾರು ಸಿಂಕ್ ಮುಗಿದಿರುತ್ತವೆ. ಕ್ಯೂನಲ್ಲಿ ನಿಂತ ಯಾರಿಗೂ ಆ ಕಾಯುವಿಕೆ ಗೊತ್ತಾಗುವುದಿಲ್ಲ. ನಿಜವಾಗಿಯೂ ಸೆಕೆಂಡಿಗೆ ಸಾವಿರಾರು ವ್ಯವಹಾರ ನಡೆಯುವ ಕಡೆ ಹಲವನ್ನು ಒಟ್ಟುಗೂಡಿಸಿ ಒಂದೇ ಸಿಂಕ್ ಮಾಡಿ, ಆಮೇಲೆ ಎಲ್ಲರಿಗೂ ಒಟ್ಟಿಗೆ ‘ಉಳಿಸಲಾಗಿದೆ’ ಎಂದು ಹೇಳಿ. ಕೆಲವು ಸೆಕೆಂಡಿನ ದತ್ತಾಂಶ ಹೋದರೂ ನಡೆಯುತ್ತದೆ ಎನ್ನುವಂಥ ಕೆಲಸಗಳೂ ಇವೆ: ಹುಡುಕಾಟದ ಸೂಚಿ, ತಾತ್ಕಾಲಿಕ ಲೆಕ್ಕ, ಮತ್ತೆ ಕಟ್ಟಿಕೊಳ್ಳಬಹುದಾದ ಕ್ಯಾಶ್. ಅಂಥ ಕಡೆ ಕರ್ನಲ್‌ಗೇ ಬಿಡಿ, ಅದು ತನ್ನ ಕೆಲಸವನ್ನು ಚೆನ್ನಾಗಿ ಬಲ್ಲದು. ಆದರೆ ಹೋದರೆ ನಡೆಯುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಆ ದತ್ತಾಂಶದ ಒಡೆಯರದು. ಅವರನ್ನು ಕೇಳಿ ಮಾಡಿ.

ಕೊನೆಯ ಕೋರಿಕೆ, ಪ್ಲಗ್ಗು ಕಿತ್ತು ಪರೀಕ್ಷಿಸಿ. ದತ್ತಾಂಶ ಹೋದರೂ ಚಿಂತೆಯಿಲ್ಲದ ಒಂದು ಹಳೆಯ ಯಂತ್ರ ಇಟ್ಟುಕೊಳ್ಳಿ. ಪ್ರೋಗ್ರಾಂ ಬರೆಯುತ್ತಿರುವಾಗ, ‘ಉಳಿಸಲಾಗಿದೆ’ ಎಂದ ಪ್ರತಿಯೊಂದು ದಾಖಲೆಯ ಸಂಖ್ಯೆಯನ್ನು ನೆಟ್‌ವರ್ಕಿನ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸುತ್ತಿರಿ, ಮತ್ತು ಹಾಗೇ ವಿದ್ಯುತ್ತು ಕಡಿಯಿರಿ. ಯಂತ್ರ ಎದ್ದ ಮೇಲೆ ಎರಡನ್ನೂ ತಾಳೆ ನೋಡಿ. ಮಾತು ಕೊಟ್ಟ ಒಂದೇ ಒಂದು ದಾಖಲೆ ಇಲ್ಲದಿದ್ದರೂ ನಿಮ್ಮ ಕೋಡು ಸೋತಿದೆ. ಪ್ಲಗ್ಗು ಕೀಳಲು ಆಗದಿದ್ದರೆ ಲಿನಕ್ಸಿನಲ್ಲಿ ರೂಟ್ ಆಗಿ ‘ಸಿಸ್‌ಆರ್‌ಕ್ಯೂ ಟ್ರಿಗರ್’ಗೆ ‘ಬಿ’ ಅಕ್ಷರ ಬರೆದರೆ ಯಾವ ಸಿಂಕೂ ಇಲ್ಲದೆ ಆ ಕ್ಷಣವೇ ಯಂತ್ರ ಮರುಶುರುವಾಗುತ್ತದೆ. ವರ್ಚುವಲ್ ಯಂತ್ರವನ್ನು ಬಲವಂತವಾಗಿ ಆರಿಸುವುದೂ ಒಂದು ದಾರಿ. ಇವೆರಡರಲ್ಲೂ ಡಿಸ್ಕಿನ ವಿದ್ಯುತ್ತು ಕಡಿದುಹೋಗುವುದಿಲ್ಲವಾದ್ದರಿಂದ ಡಿಸ್ಕಿನ ಸ್ವಂತ ಕ್ಯಾಶಿನ ಪರೀಕ್ಷೆ ಆಗುವುದಿಲ್ಲ ಎಂಬುದು ನೆನಪಿರಲಿ. ಒಂದು ಸಲ ಸಾಲದು, ಐವತ್ತು ಸಲ ಮಾಡಿ. ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಕಲಿಸುವ ಅಧ್ಯಾಪಕರು ಇದನ್ನು ಓದುತ್ತಿದ್ದರೆ ಅವರಲ್ಲೂ ವಿನಂತಿ: ಲ್ಯಾಬಿನಲ್ಲಿ ಈ ಒಂದು ಪ್ರಯೋಗ ಇರಲಿ. ತನ್ನ ಕಣ್ಣೆದುರೇ ದಾಖಲೆ ಮಾಯವಾದದ್ದನ್ನು ನೋಡಿದ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ.

ಹಾಲಿನ ಸಂಘದ ಆ 6.4 ಲೀಟರಿನ ಹಣವನ್ನು ನಾನು ಕೊಟ್ಟೆ, ಆಡಳಿತ ಮಂಡಳಿಯ ಮುಂದೆ ಹೋಗಿ ತಪ್ಪು ಯಾರದೆಂದು ಹೇಳಿಯೂ ಬಂದೆ. ಜನ ಒಪ್ಪಿದರು. ತಿದ್ದಿದ ಪ್ರೋಗ್ರಾಂ ಆಮೇಲೆ ಒಂದು ದಾಖಲೆಯನ್ನೂ ಕಳೆಯಲಿಲ್ಲ. ಆದರೂ ಕಾರ್ಯದರ್ಶಿಗಳು ನಿವೃತ್ತರಾಗುವ ದಿನದವರೆಗೂ ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಅಳತೆಯನ್ನೂ ಪೆನ್ನಿನಿಂದ ಬರೆದುಕೊಂಡರು.

ನಿಮ್ಮ ಪ್ರೋಗ್ರಾಮಿನ ಪಕ್ಕ ಯಾರೂ ಅಂಥ ನೋಟ್‌ಬುಕ್ ಇಟ್ಟುಕೊಳ್ಳುವ ಹಾಗೆ ಆಗಬಾರದೆಂಬುದು ನನ್ನ ಆಸೆ. ಈ ಪತ್ರ ಕೆಳಗಿಟ್ಟ ಮೇಲೆ ನಿಮ್ಮ ಕೋಡನ್ನು ತೆರೆಯಿರಿ. ‘ಉಳಿಸಲಾಗಿದೆ’ ಎಂದು ತೋರಿಸುವ ಸಾಲನ್ನು ಹುಡುಕಿ, ಅದರ ಮೇಲಿನ ಸಾಲಿನಲ್ಲಿ ಏನಿದೆ ಎಂದು ಇವತ್ತೇ ನೋಡಿ.



ಇಂತಿ ನಿಮ್ಮ ಹಿತೈಷಿ,
ಒಬ್ಬ ಹಿರಿಯ ಪ್ರೋಗ್ರಾಮರ್